ಚಿಕ್ಕಮ್ಮನ ಸೊಂಡಿಲು, ಹೆಂಡತಿಯ ಗಾಜು

ಮೃಗಾಲಯದಲ್ಲಿ ಆನೆ ನೋಡಿಕೊಳ್ಳುವವನನ್ನು ಎಲ್ಲರೂ ಆನೆಯಣ್ಣ ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿ ಭಾರೀ ಆಳನ್ನು ನಿರೀಕ್ಷಿಸಿ ಬಂದ ಹೊಸಬರು ಮೋಸ ಹೋಗುತ್ತಿದ್ದರು. ಕೆಲಸದ ಖಾಕಿ ಅಂಗಿಯೊಳಗೆ ಇನ್ನೊಬ್ಬನನ್ನು ಸೇರಿಸಿ ಗುಂಡಿ ಹಾಕಬಹುದಾದಷ್ಟು ಸಣಕಲ ಮನುಷ್ಯ. ಗಂಟಲೊಂದು ಮಾತ್ರ ಬೇರೆ ಯಾರಿಗೋ ಸೇರಬೇಕಾದದ್ದು ತಪ್ಪಿ ಇವನ ಪಾಲಿಗೆ ಬಂದಂತಿತ್ತು. ಆನೆಯ ಆವರಣದಲ್ಲಿ ಅವನು ಕೂಗಿದರೆ ಗೇಟಿನಲ್ಲಿ ಟಿಕೆಟ್ ಹರಿಯುವವನು ಬೆಚ್ಚಿಬೀಳುತ್ತಿದ್ದ.

ಆನೆಗೆ ಕಡತದಲ್ಲೊಂದು ಸಂಖ್ಯೆಯಿತ್ತು, ಬೇಲಿಯ ಫಲಕದಲ್ಲೊಂದು ಹೆಸರಿತ್ತು. ಅವನು ಎರಡನ್ನೂ ಕ್ಯಾರೇ ಎನ್ನಲಿಲ್ಲ. ಅವನು ಕೆಲಸಕ್ಕೆ ಸೇರಿದಾಗಲೇ ಅವಳು ಅವನಿಗಿಂತ ದೊಡ್ಡವಳು. ಮಗಳೇ ಎನ್ನೋಣವೆಂದರೆ ವಯಸ್ಸು ಅಡ್ಡ ಬಂತು. ಅಮ್ಮ ಎನ್ನೋಣವೆಂದರೆ ಮನೆಯಲ್ಲಿದ್ದ ಹೆತ್ತಮ್ಮ ಮುಖ ಊದಿಸಿಕೊಂಡಳು. ಕೊನೆಗೆ ಚಿಕ್ಕಮ್ಮ ಎಂದು ತೀರ್ಮಾನವಾಯಿತು. ಚಿಕ್ಕಮ್ಮನಿಗಿರಬೇಕಾದ ಸಿಡುಕೂ ಮುದ್ದೂ ಅವಳಲ್ಲಿ ಸಮಸಮವಾಗಿದ್ದವು. ಒಮ್ಮೆ ಬಸ್ಸಿನಲ್ಲಿ ಅವನು, "ಚಿಕ್ಕಮ್ಮ ನಿನ್ನೆಯಿಂದ ಸರಿಯಾಗಿ ಊಟ ಮಾಡ್ತಿಲ್ಲ, ಬರೀ ಮಣ್ಣು ಎರಚಿಕೊಳ್ತಾಳೆ" ಎಂದಾಗ ಪಕ್ಕದ ಸೀಟಿನ ಹೆಂಗಸು ಕನಿಕರದಿಂದ ಒಬ್ಬ ಒಳ್ಳೆಯ ಮನೋವೈದ್ಯರ ವಿಳಾಸ ಹೇಳಿಕೊಟ್ಟಿದ್ದಳು.

ಅವನ ಹೆಂಡತಿಗೂ ಅದೇ ಮೃಗಾಲಯದಲ್ಲಿ ಕೆಲಸ. ಅಲ್ಲಿನ ಪ್ರಾಣಿ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಅವಳೊಬ್ಬಳೇ ಯಜಮಾನಿ. ಜಿಂಕೆಯ ಹಿಕ್ಕೆ, ಹುಲಿಯ ರಕ್ತ, ಕೋತಿಯ ಉಗುಳು, ಏನೇ ಬರಲಿ, ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಇಣುಕಿ, ಒಳಗೇನಿದೆ ಎಂದು ಹೇಳುವುದು ಅವಳ ಉದ್ಯೋಗ. ಅದಕ್ಕೇ ಅವಳಿಗೆ ಗಾಜಕ್ಕ ಎಂದು ಹೆಸರು.

ಗಾಜಕ್ಕನ ಮಟ್ಟಿಗೆ ಲೋಕದಲ್ಲಿರುವುದು ಎರಡೇ ವರ್ಗ: ತೊಳೆದದ್ದು ಮತ್ತು ಇನ್ನೂ ತೊಳೆಯಬೇಕಾದದ್ದು. ಗಂಡ ಎರಡನೆಯ ವರ್ಗಕ್ಕೆ ಸೇರಿದವನು. ಸಂಜೆ ಅವನು ಹಿಂಬಾಗಿಲಿನಿಂದ ಬರಬೇಕು, ಬಂದವನು ನೇರ ಬಚ್ಚಲಿಗೆ ಹೋಗಬೇಕು, ಮಿಂದು ಬಂದ ಮೇಲೆ ಅವಳು ಒಮ್ಮೆ ಮೂಸಿ ನೋಡಬೇಕು. ಪಾಸಾದರೆ ಊಟ, ಫೇಲಾದರೆ ಮತ್ತೆ ಬಚ್ಚಲು. ಅವಳ ಬಿಳಿ ಕೋಟಿಗೆ ವಾರವಾರ ಗಂಜಿ ಹಾಕಿ ಇಸ್ತ್ರಿ ಮಾಡಬೇಕು. ಕೋಟು ಎಷ್ಟು ಗರಿಗರಿಯಾಗಿರುತ್ತಿತ್ತೆಂದರೆ, ಅವಳು ಬಿಚ್ಚಿಟ್ಟ ಮೇಲೂ ಅದು ಕುರ್ಚಿಯಲ್ಲಿ ನೆಟ್ಟಗೆ ಕೂತು ಕೆಲಸ ಮಾಡುತ್ತಿರುವಂತೆ ಕಾಣುತ್ತಿತ್ತು.

ಪ್ರಯೋಗಾಲಯದಲ್ಲಂತೂ ಕೇಳುವುದೇ ಬೇಡ. ಪೆಟ್ಟಿಗೆಯಲ್ಲಿ ಬರುವ ಹೊಸ ಗಾಜಿನ ಪಟ್ಟಿಗಳನ್ನು ಎಲ್ಲ ಕಡೆ ಹಾಗೆಯೇ ತೆಗೆದು ಬಳಸುತ್ತಾರೆ. ಗಾಜಕ್ಕನಿಗೆ ಅದು ಸರಿಬರಲಿಲ್ಲ. "ಯಾರ ಕೈ ಮುಟ್ಟಿದೆಯೋ, ಯಾವ ಗೋಡೌನಲ್ಲಿ ಬಿದ್ದಿತ್ತೋ" ಎಂದು ಒಂದೊಂದನ್ನೂ ತೊಳೆದು, ಒಣಗಿಸಿಯೇ ಬಳಸುತ್ತಿದ್ದಳು. ಅಲ್ಲಿನ ನಲ್ಲಿಗೆ ಉಗುಳುವ ಚಾಳಿ. ತಿರುಗಿಸಿದರೆ ನಾಲ್ಕೂ ಕಡೆ ಸಿಡಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಗಂಡ ಅದನ್ನು ನೋಡಿ, ಚಿಕ್ಕಮ್ಮನಿಗೆ ಸ್ನಾನ ಮಾಡಿಸುವ ರಬ್ಬರ್ ಪೈಪಿನ ತುದಿಯಿಂದ ಒಂದು ಮೊಳ ಕತ್ತರಿಸಿ ತಂದು ಸಿಕ್ಕಿಸಿಕೊಟ್ಟಿದ್ದ. ಅವನು ಕೊಟ್ಟ ಉಡುಗೊರೆಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಎಂದು ಅವಳು ಎಲ್ಲರೆದುರು ಹೇಳುತ್ತಿದ್ದಳು. ಹಾಗೆ ಹೇಳುತ್ತಲೇ ದಿನಾ ಆ ಪೈಪಿಗೆ ಸೋಪು ಹಚ್ಚಿ ಉಜ್ಜಿ ಫಳಫಳ ಹೊಳೆಯುವಂತೆ ಇಟ್ಟುಕೊಂಡಿದ್ದಳು.

ಹೀಗೆ ಇಬ್ಬರೂ ತಮ್ಮ ತಮ್ಮ ಪಾಡಿಗಿದ್ದಾಗ ಹೊಸ ನಿಯಮವೊಂದು ಬಂತು. ಮೃಗಾಲಯದ ಆನೆಗಳಿಗೆಲ್ಲ ಇನ್ನು ಮುಂದೆ ಕ್ಷಯದ ಪರೀಕ್ಷೆ ಆಗಬೇಕು. ಕ್ಷಯ ಮನುಷ್ಯನಿಂದ ಆನೆಗೆ, ಆನೆಯಿಂದ ಮನುಷ್ಯನಿಗೆ ದಾಟಬಲ್ಲ ಕಾಯಿಲೆ. ಅದಕ್ಕೆ ಮೊದಲು ಆನೆಯಣ್ಣನನ್ನೇ ಊರಿನ ಆಸ್ಪತ್ರೆಗೆ ಕಳಿಸಿ ಎದೆಯ ಚಿತ್ರ ತೆಗೆಸಿದರು, ಕಫ ನೋಡಿಸಿದರು. ಎಲ್ಲ ಸರಿಯಾಗಿದೆ, ಮೈಯಲ್ಲಿ ಮಾಂಸವೊಂದು ಇಲ್ಲ, ಅಷ್ಟೇ ಎಂದರು ಅಲ್ಲಿಯ ವೈದ್ಯರು.

ಇನ್ನು ಚಿಕ್ಕಮ್ಮನ ಸರದಿ. ಆನೆಗೆ "ಕೆಮ್ಮಿ ಡಬ್ಬಿಗೆ ಉಗುಳಮ್ಮ" ಎನ್ನುವ ಹಾಗಿಲ್ಲವಲ್ಲ. ಅದಕ್ಕೊಂದು ಉಪಾಯವಿದೆ. ಸೊಂಡಿಲಿನೊಳಗೆ ಉಪ್ಪುನೀರು ಬಿಟ್ಟು, ಸೊಂಡಿಲೆತ್ತಿ ಸ್ವಲ್ಪ ಹೊತ್ತು ಹಿಡಿದುಕೊಳ್ಳುವಂತೆ ಮಾಡಿ, ಆಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಊದಿಸಿಕೊಳ್ಳಬೇಕು. ಮೃಗಾಲಯದ ಪಶುವೈದ್ಯೆ, ಎಲ್ಲರ ಬಾಯಲ್ಲಿ ಡಾಕ್ಟರಮ್ಮ, ಇದನ್ನು ಪುಸ್ತಕದಲ್ಲಿ ಓದಿಕೊಂಡು ಬಂದಿದ್ದರು. ಚಿಕ್ಕಮ್ಮ ಓದಿರಲಿಲ್ಲ. ಉಪ್ಪುನೀರನ್ನು ಕುತೂಹಲದಿಂದ ಒಳಗೆ ಬಿಟ್ಟುಕೊಂಡಳು, ಸೊಂಡಿಲೆತ್ತಿ ಹಿಡಿದಳು, ಚೀಲವನ್ನೊಮ್ಮೆ ನೋಡಿದಳು, ಪಕ್ಕದಲ್ಲಿದ್ದ ಡಾಕ್ಟರಮ್ಮನನ್ನೊಮ್ಮೆ ನೋಡಿದಳು, ಡಾಕ್ಟರಮ್ಮನೇ ವಾಸಿ ಎಂದು ಆರಿಸಿಕೊಂಡಳು.

ಕನ್ನಡಕ ಒರೆಸಿಕೊಂಡು ಡಾಕ್ಟರಮ್ಮ, "ಇದನ್ನ ನೀವೇ ಮಾಡಿ ಅಣ್ಣ. ನಿಮ್ಮ ಮಾತಾದ್ರೆ ಕೇಳ್ತಾಳೆ" ಎಂದು ಚೀಲ ಕೊಟ್ಟು ಹೋದರು. ಆನೆಯಣ್ಣ ಒಂದೇ ಒಂದು ಸಲ, "ಚಿಕ್ಕಮ್ಮಾ, ಮರ್ಯಾದೆ" ಎಂದ. ಅವಳು ಚೀಲದೊಳಗೆ ನಾಜೂಕಾಗಿ ಊದಿದಳು. ಚೀಲವನ್ನು ಅವನೇ ಹೆಂಡತಿಯ ಕಿಟಕಿಗೆ ಒಯ್ದು ಕೊಟ್ಟ.

ಮರುದಿನ ಮಧ್ಯಾಹ್ನ ಗಾಜಕ್ಕ ಆನೆಯ ಆವರಣದ ಬೇಲಿಯ ಹತ್ತಿರ ನಡೆದುಕೊಂಡು ಬಂದದ್ದನ್ನು ನೋಡಿಯೇ ಅವನು ಕೈಯಲ್ಲಿದ್ದ ಪೊರಕೆ ಕೆಳಗಿಟ್ಟ. ಲದ್ದಿಯ ವಾಸನೆಗೆ ಹೆದರಿ ಅವಳು ಆ ಕಡೆ ತಲೆಹಾಕಿಯೂ ಮಲಗಿದವಳಲ್ಲ.

"ರೀ, ಕೆಂಪು ಕಡ್ಡಿಗಳು ಕಂಡಿವೆ."

"ಎಲ್ಲಿ?"

"ಅವಳ ಸ್ಲೈಡಲ್ಲಿ ಕಣ್ರೀ. ಕೆಂಪು ಬಣ್ಣ ಹಾಕಿ ಆಸಿಡ್ಡಲ್ಲಿ ತೊಳೆದ್ರೆ ಬೇರೆ ಕ್ರಿಮಿಗಳೆಲ್ಲ ಬಣ್ಣ ಬಿಡ್ತಾವೆ. ಕ್ಷಯದ್ದು ಬಿಡಲ್ಲ, ಕೆಂಪು ಕಡ್ಡಿ ಹಾಗೇ ಉಳ್ಕೊಳ್ಳುತ್ತೆ. ಉಳ್ಕೊಂಡಿವೆ."

"ನೀನು ಸರಿಯಾಗಿ ನೋಡಿದ್ಯೇನೇ?"

ಕೇಳಬಾರದ ಪ್ರಶ್ನೆಯದು. ಗಾಜಕ್ಕನ ಮುಖ ಅವಳ ಕೋಟಿಗಿಂತ ಗರಿಗರಿಯಾಯಿತು. "ಇಷ್ಟು ವರ್ಷದಲ್ಲಿ ನನ್ನ ಗಾಜು ಒಂದು ಸಲ ಸುಳ್ಳು ಹೇಳಿದ್ದು ತೋರಿಸಿ ನೋಡೋಣ" ಎಂದಳು. ಆಮೇಲೆ ಮೆತ್ತಗಾಗಿ, "ಸಂಕಟ ನನಗೂ ಆಗ್ತಿದೆ ರೀ. ಆದ್ರೆ ಕಂಡಿದ್ದನ್ನ ಕಂಡಿಲ್ಲ ಅಂತ ಹೇಗೆ ಬರೀಲಿ?" ಎಂದಳು.

ನಿರ್ದೇಶಕರು ಸುದ್ದಿ ಕೇಳಿ ಮೊದಲು ತಮ್ಮ ಮೂಗಿಗೆ ಕರವಸ್ತ್ರ ಹಿಡಿದರು. ಆಮೇಲೆ ಸಭೆ ಕರೆದರು. ಕ್ಷಯದ ಕ್ರಿಮಿ ಹೌದೋ ಅಲ್ಲವೋ ಎಂದು ಖಚಿತವಾಗಬೇಕಾದರೆ ದೊಡ್ಡ ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ ನೋಡಬೇಕು, ಅದು ವಾರಗಟ್ಟಲೆಯ ಕೆಲಸ ಎಂದು ಡಾಕ್ಟರಮ್ಮ ವಾದಿಸಿದರು. ಅಷ್ಟು ದಿನ ಮಕ್ಕಳು ಮರಿಗಳು ಬಂದು ಬೇಲಿಗೆ ಆತುಕೊಂಡು ನಿಲ್ಲುವ ಜಾಗದಲ್ಲಿ ಆ ಆನೆಯನ್ನು ಇಟ್ಟುಕೊಳ್ಳುವ ಧೈರ್ಯ ನಿರ್ದೇಶಕರಿಗಿರಲಿಲ್ಲ. ಬಹಳ ದೂರದಲ್ಲಿ, ಕಾಯಿಲೆಯ ಪ್ರಾಣಿಗಳನ್ನು ಪ್ರತ್ಯೇಕವಾಗಿ ಇಡುವ ಒಂದು ಕೇಂದ್ರವಿತ್ತು. "ಇನ್ನೊಂದು ಸ್ಯಾಂಪಲ್ ನೋಡಿ. ಅದರಲ್ಲೂ ಇದೇ ಬಂದ್ರೆ ಲಾರಿ ತರಿಸ್ತೀನಿ" ಎಂದು ಅವರು ಎದ್ದರು.

ಲಾರಿ ಎಂದರೆ ಏನೆಂದು ಆನೆಯಣ್ಣನಿಗೆ ಗೊತ್ತಿತ್ತು. ಚಿಕ್ಕಮ್ಮನ ಮೊಣಕಾಲು ನೆಲದ ಮೇಲೆ ನಿಲ್ಲುವುದಕ್ಕೇ ಮೀನಮೇಷ ಎಣಿಸುತ್ತಿತ್ತು. ಅಲುಗಾಡುವ ಲಾರಿಯಲ್ಲಿ ಅಷ್ಟು ದೂರ ನಿಂತು ಹೋದರೆ ಅವಳು ಮುಟ್ಟುವುದೇ ಅನುಮಾನ, ಮುಟ್ಟಿದರೂ ಗುರುತಿನವರಿಲ್ಲದ ಕಡೆ ಒಂದು ತುತ್ತು ಮುಟ್ಟುವವಳಲ್ಲ. ಅವನಿಗೆ ಅಳಬೇಕೆನಿಸಿತು. ಅಳುವ ಬದಲು ಅವನು ಒಂದು ದಡ್ಡ ಕೆಲಸ ಮಾಡಿದ.

ಎರಡನೆಯ ಸ್ಯಾಂಪಲ್ಲಿನ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಟದ್ದೇ ತಡ, ಅವನು ಅಡುಗೆಮನೆ ಹೊಕ್ಕ. ಪಾತ್ರೆಯಲ್ಲಿ ನೀರಿಟ್ಟು ಉಪ್ಪು ಹಾಕಿದ. ಬರೀ ನೀರು ತೀರ ತಿಳಿಯಾಗಿ ಕಂಡು ಹೆಂಡತಿಗೆ ಸಂಶಯ ಬಂದೀತೆಂದು ಸುತ್ತ ನೋಡಿದ. ಕೋಟಿಗೆಂದು ಅವಳು ಮಾಡಿಟ್ಟಿದ್ದ ಗಂಜಿ ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಚಮಚ ಸೇರಿಸಿದ. ಆನೆಯ ಮೂಗಿನಿಂದ ಬಂದದ್ದೆಂದರೆ ಯಾರಾದರೂ ನಂಬುವ ಹಾಗಾಯಿತು. ಯಾವ ಕ್ರಿಮಿಯೂ ಉಳಿಯಬಾರದೆಂದು ಕೊತಕೊತ ಕುದಿಸಿ, ಆರಿಸಿ, ಚೀಲಕ್ಕೆ ತುಂಬಿಕೊಂಡು ಹೋಗಿ ಹೆಂಡತಿಯ ಕಿಟಕಿಯಲ್ಲಿ ಕೊಟ್ಟ. ಕೊಡುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡ. ಹೆಂಡತಿ ಅದನ್ನು ನೋಡಿ, "ಧೈರ್ಯವಾಗಿರಿ, ದೇವರಿದ್ದಾನೆ" ಎಂದು ಸಮಾಧಾನ ಹೇಳಿದ್ದು ಅವನನ್ನು ಇನ್ನಷ್ಟು ಚುಚ್ಚಿತು.

ಆದರೂ ಆ ದಿನವೆಲ್ಲ ಅವನು ಗೆದ್ದವನಂತೆ ಓಡಾಡಿದ. ಚಿಕ್ಕಮ್ಮನಿಗೆ ಎರಡು ಸಲ ಸ್ನಾನ ಮಾಡಿಸಿದ. ಮೀನುತೊಟ್ಟಿಗಳ ಕೆಲಸದವನನ್ನು, ಅವನಿಗೆ ಮೀನುಮಾವ ಎಂದು ಹೆಸರು, ತಾನಾಗಿ ಕರೆದು ಮಾತಾಡಿಸಿದ. ಮೀನುಮಾವನನ್ನು ಯಾರೂ ತಾವಾಗಿ ಕರೆಯುತ್ತಿರಲಿಲ್ಲ. ತೊಟ್ಟಿ ಉಜ್ಜುವಾಗ ಗೀರಿಕೊಂಡ ಬೆರಳಿನಲ್ಲಿ ಅವನಿಗೊಂದು ಗಂಟೆದ್ದಿತ್ತು. ತಿಂಗಳುಗಳಾದರೂ ಮಾಯದ ಆ ಗಂಟಿನ ಕಥೆಯನ್ನು ಅವನು ಬುಡದಿಂದ ಹೇಳುತ್ತಿದ್ದ. ಅಂದು ಆನೆಯಣ್ಣ ಅದನ್ನೂ ನಗುನಗುತ್ತ ಕೇಳಿದ.

ಸಂಜೆ ಮಿಂದು, ಮೂಸಿಸಿಕೊಂಡು ಪಾಸಾಗಿ, ತಟ್ಟೆಯ ಮುಂದೆ ಕೂತ. ಹೆಂಡತಿ ಬಡಿಸಲಿಲ್ಲ. ಎದುರಿಗೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಈ ಸಲವೂ ಇವೆ ರೀ. ಮೊದಲಿಗಿಂತ ಜಾಸ್ತಿನೇ."

"ಏನಿವೆ?"

"ಕೆಂಪು ಕಡ್ಡಿಗಳು."

ಆನೆಯಣ್ಣ ಬಾಯಿ ತೆರೆದ. ಅದು ತೆರೆದೇ ಉಳಿಯಿತು. ಅವನ ತಲೆಯೊಳಗೆ ಏನೇನೋ ಓಡಿತು. ಬಾಯಿಬಿಟ್ಟರೆ ತಾನು ಸ್ಯಾಂಪಲ್ ಬದಲಿಸಿದ್ದು ಬಯಲಾಗುತ್ತದೆ. ಅಂಥವನ ಕೈಯಲ್ಲಿ ಯಾರೂ ಆನೆಯನ್ನು ಬಿಡುವುದಿಲ್ಲ. ಬಾಯಿ ಮುಚ್ಚಿಕೊಂಡರೆ ಲಾರಿ ಬರುತ್ತದೆ. ಹೇಳಿದರೆ ಚಿಕ್ಕಮ್ಮ ಅವನಿಗಿಲ್ಲ, ಹೇಳದಿದ್ದರೆ ಚಿಕ್ಕಮ್ಮನೇ ಇಲ್ಲ. ಹೇಳಿದರೆ ಜೊತೆಗೆ ಎದುರಿಗೆ ಕೂತ ಹೆಂಡತಿಯ ಇಷ್ಟು ವರ್ಷದ ಗಾಜು ಸುಳ್ಳಾಗುತ್ತದೆ. ಕಳ್ಳಲೆಕ್ಕ ಹಾಕಿಕೊಂಡು ಬಹಳ ಹೊತ್ತು ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ.

"ಹಾಗಾದ್ರೆ ಕ್ಷಯ ಬಂದಿರೋದು ನಿನ್ನ ಕೋಟಿನ ಗಂಜಿಗೆ ಕಣೇ" ಎಂದುಬಿಟ್ಟ.

ಅವಳಿಗೆ ಅರ್ಥವಾಗಲಿಲ್ಲ. ಅವನು ಪಾತ್ರೆಯಿಂದ ಹಿಡಿದು ಚಮಚದವರೆಗೆ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿ ತಲೆತಗ್ಗಿಸಿಕೊಂಡು ಕೂತ. ತಟ್ಟೆ ಹಾರಿಬರುತ್ತದೆಂದು ಕಾದ; ಬರಲಿಲ್ಲ.

"ನನ್ನ ಹತ್ರ? ನನ್ನ ಕಿಟಕೀಲಿ? ಗಂಜಿ ತಂದು ಕೊಟ್ರಾ?" ಎಂದಳು.

"ಲಾರಿ ಕಣೇ..."

"ಲಾರಿ ಗೀರಿ ಎಲ್ಲ ಆಮೇಲೆ. ಕುದಿಸಿದ್ದು ನಿಜ ತಾನೆ?"

"ಪಾತ್ರೆ ತಳ ಹಿಡಿಯೋವರೆಗೂ."

ಗಾಜಕ್ಕ ಕೋಪ ಮಾಡಿಕೊಳ್ಳುವುದನ್ನು ಅಲ್ಲಿಗೇ ಅರ್ಧಕ್ಕೆ ನಿಲ್ಲಿಸಿದಳು. "ಸತ್ತ ಕಡ್ಡಿನೂ ಕೆಂಪಾಗೇ ಕಾಣುತ್ತೆ. ಮನೆ ನೀರಲ್ಲಿತ್ತೋ, ಗಂಜೀಲಿತ್ತೋ" ಎಂದು ಗೊಣಗಿಕೊಂಡಳು. ಇಲ್ಲವೇ ತನ್ನ ಗಾಜಿನಲ್ಲೇ ಇತ್ತೋ ಎಂಬುದನ್ನು ಮಾತ್ರ ಅವಳು ಬಾಯಿಬಿಟ್ಟು ಆಡಲಿಲ್ಲ. ಅದು ಅವನಿಗೂ ಹೊಳೆದಿತ್ತು, ಆದರೆ ಹೇಳುವಷ್ಟು ಧೈರ್ಯವಿರಲಿಲ್ಲ.

ಬೆಳಗಾಗುತ್ತಲೇ ಇಬ್ಬರೂ ಪ್ರಯೋಗಾಲಯದಲ್ಲಿದ್ದರು. ಅವಳು ಒಂದು ಗಾಜನ್ನು ಎಂದಿನಂತೆ ಪೈಪಿನ ನೀರಿನಲ್ಲಿ ತೊಳೆದು ಒಣಗಿಸಿದಳು. ಇನ್ನೊಂದನ್ನು ತೊಳೆಯದೆ ಪೆಟ್ಟಿಗೆಯಿಂದ ಹಾಗೆಯೇ ತೆಗೆದಳು. ತೊಳೆಯದ ಗಾಜನ್ನು ಮುಟ್ಟುವಾಗ ಅವಳು ಮುಖ ಕಿವುಚಿದ್ದು ನೋಡಿ, ಆ ಹೊತ್ತಿನಲ್ಲೂ ಅವನಿಗೆ ನಗು ಬಂತು. ಎರಡರ ಮೇಲೂ ಆನೆಯದಾಗಲಿ ಗಂಜಿಯದಾಗಲಿ ಒಂದು ಹನಿಯೂ ಇಲ್ಲ. ಎರಡಕ್ಕೂ ಬಣ್ಣ ಹಾಕಿದಳು. ಬಣ್ಣದ ನಡುವೆ ತೊಳೆಯುವುದಕ್ಕೆ ಮಾತ್ರ ಔಷಧಿ ಅಂಗಡಿಯ ಸೀಲು ಒಡೆಯದ ಬಾಟಲಿಯ ನೀರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ತೊಳೆಯದ ಗಾಜು ಖಾಲಿ. ತೊಳೆದ ಗಾಜಿನ ತುಂಬ ಕೆಂಪು ಕಡ್ಡಿಗಳು.

ಅವಳು ಎರಡು ಗಾಜುಗಳನ್ನೂ ಅದಲುಬದಲು ಮಾಡಿ ಇನ್ನೊಮ್ಮೆ ನೋಡಿದಳು. ಆಮೇಲೆ ಎದ್ದು ಕತ್ತರಿ ತಂದು ಆ ಹೊಳೆಯುವ ಪೈಪನ್ನು ಉದ್ದಕ್ಕೂ ಸೀಳಿದಳು. ಒಳಗೆ, ಬೆರಳಿಟ್ಟರೆ ಜಾರುವಂಥ ಲೋಳೆ, ಗೋಡೆಗೆ ಸುಣ್ಣ ಬಳಿದಂತೆ ಎಲ್ಲ ಕಡೆ ಸಮನಾಗಿ ಹತ್ತಿಕೊಂಡಿತ್ತು.

"ದಿನಾ ಉಜ್ಜುತ್ತಿದ್ದೆನಲ್ಲ ರೀ" ಎಂದು ಅವಳು ಸಣ್ಣ ದನಿಯಲ್ಲಿ ಹೇಳಿದಳು.

"ಹೊರಗಡೆ ಕಣೇ. ಒಳಗಡೆ ಯಾರಿಗೆ ಕಾಣುತ್ತೆ" ಎಂದ ಅವನು. ತಪ್ಪು ತನ್ನ ಪೈಪಿನದೂ ಹೌದಲ್ಲ ಎಂದು ಸೇರಿಸಬೇಕೆಂದುಕೊಂಡ, ಸೇರಿಸಿದ. ಅವಳಿಗೆ ಅದರಿಂದ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ಡಾಕ್ಟರಮ್ಮನಿಗೆ ಗಾಜಕ್ಕನೇ ಹೋಗಿ ಹೇಳಿದಳು, ತನ್ನದನ್ನೂ ಗಂಡನದನ್ನೂ. "ನಂದನ್ನ ಬಿಟ್ಟು ಹೇಳಬಹುದಿತ್ತಲ್ಲೇ" ಎಂದು ಅವನು ಅಂಗಲಾಚಿದ್ದಕ್ಕೆ, "ಗಂಜಿ ವಿಷಯ ಬಿಟ್ರೆ ನನಗೆ ಅನುಮಾನ ಬಂದದ್ದು ಹೇಗೆ ಅಂತ ಹೇಳಲಿ? ಕನಸು ಬಿತ್ತು ಅನ್ನಲಾ?" ಎಂದಿದ್ದಳು.

ಡಾಕ್ಟರಮ್ಮ ಬೈಯಲಿಲ್ಲ, ಸೀಳಿದ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕ್ಷಯದ ಕ್ರಿಮಿಗೆ ದಾಯಾದಿಗಳು ಬಹಳ. ಅವು ನೀರಲ್ಲಿ, ಮಣ್ಣಲ್ಲಿ, ಕೊಳದ ಕೆಸರಲ್ಲಿ, ಹೀಗೆ ಪೈಪಿನ ಒಳಗೆ ಎಲ್ಲ ಕಡೆ ಇರ್ತಾವೆ. ಬಣ್ಣ ಹಾಕಿದ್ರೆ ಎಲ್ಲಾ ಒಂದೇ ಥರ ಕಾಣ್ತಾವೆ. ಗಾಜು ನೋಡಿ ಯಾವುದು ಯಾರು ಅಂತ ಹೇಳೋಕಾಗಲ್ಲ" ಎಂದರು.

"ಹಾಗಾದ್ರೆ ಅವು ಪಾಪದವು" ಎಂದ ಆನೆಯಣ್ಣ ಉತ್ಸಾಹದಿಂದ.

"ಪೂರ್ತಿ ಪಾಪದವೂ ಅಲ್ಲ ಅಣ್ಣ. ಗಟ್ಟಿಮುಟ್ಟಾಗಿರೋರನ್ನ ಸಾಮಾನ್ಯವಾಗಿ ಏನೂ ಮಾಡಲ್ಲ. ಎದೆ ಸೋತೋರಿಗೆ, ಮೈಯಲ್ಲಿ ಶಕ್ತಿ ಇಲ್ಲದೋರಿಗೆ, ಕೆಲವು ಹಕ್ಕಿಗಳಿಗೆ, ಮೀನುಗಳಿಗೆ ಕಾಟ ಕೊಡ್ತಾವೆ. ಗಾಯದೊಳಗೆ ಹೊಕ್ಕರಂತೂ ಸುಲಭಕ್ಕೆ ಬಿಡಲ್ಲ." ಅಷ್ಟು ಹೇಳಿ ಅವರು ತಟ್ಟನೆ ನಿಂತರು. "ಆ ಮೀನುಮಾವನ ಬೆರಳಿಗೆ ಎಷ್ಟು ದಿನ ಆಯ್ತು?"

ಮೀನುಮಾವನನ್ನು ಅಂದೇ ಆಸ್ಪತ್ರೆಗೆ ಅಟ್ಟಿದರು. ತೊಟ್ಟಿಯ ನೀರಿನ ಅಂಥದೇ ಒಂದು ದಾಯಾದಿ ಅವನ ಬೆರಳಿನಲ್ಲಿ ಮನೆ ಮಾಡಿತ್ತಂತೆ. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕೆಂದರು. ಕಥೆಗೆ ಇನ್ನೊಂದು ಅಧ್ಯಾಯ ಸಿಕ್ಕಿದ್ದಕ್ಕೆ ಅವನಿಗೆ ಬಹಳ ಖುಷಿಯಾಯಿತು. ತೊಟ್ಟಿಗೆ ಕೈಹಾಕುವವರಿಗೆಲ್ಲ ಉದ್ದನೆಯ ಕೈಗವಸುಗಳು ಬಂದವು.

ಡಾಕ್ಟರಮ್ಮ ನಿರ್ದೇಶಕರ ಕೋಣೆಯಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿ, ಲಾರಿಯ ಮಾತನ್ನು ದೊಡ್ಡ ಪ್ರಯೋಗಾಲಯದ ಉತ್ತರ ಬರುವವರೆಗೆ ಎತ್ತುವುದಿಲ್ಲವೆಂದು ಒಪ್ಪಿಸಿಕೊಂಡೇ ಎದ್ದರು. ಬೇಲಿಯಿಂದ ದೂರಕ್ಕೆ ಇನ್ನೊಂದು ಬೇಲಿ ಹಾಕಿದರಾಯಿತು ಎಂದರು. ಹೊಸ ಸ್ಯಾಂಪಲ್ ತೆಗೆಯುವಾಗ ಆನೆಯಣ್ಣ ಕೈಕಟ್ಟಿಕೊಂಡು ದೂರ ನಿಂತು ಮಾತು ಮಾತ್ರ ಆಡಬೇಕಿತ್ತು. ಚೀಲ ಹಿಡಿದದ್ದು ಡಾಕ್ಟರಮ್ಮ. ಚಿಕ್ಕಮ್ಮ ಈ ಸಲ ಅರ್ಧ ಚೀಲಕ್ಕೆ, ಅರ್ಧ ಡಾಕ್ಟರಮ್ಮನಿಗೆ ಎಂದು ಹಂಚಿದಳು. ಅರ್ಧವೇ ಸಾಕಾಯಿತು.

ಆ ವಾರಗಳಲ್ಲಿ ಗಾಜಕ್ಕ ಹಳೆಯ ಕಡತಗಳನ್ನೆಲ್ಲ ತೆಗೆದು, ಈ ಬಣ್ಣದ ಪರೀಕ್ಷೆಯಿಂದ ಬೇರೆ ಯಾವ ಪ್ರಾಣಿಗಾದರೂ ಅನ್ಯಾಯ ಮಾಡಿದ್ದೇನೆಯೇ ಎಂದು ಹುಡುಕಿದಳು. ಇಷ್ಟು ವರ್ಷ ಆ ಪರೀಕ್ಷೆ ಬೇಕಾಗಿಯೇ ಇರಲಿಲ್ಲವೆಂದು ಖಚಿತವಾದ ದಿನ ಹೊಟ್ಟೆ ತುಂಬ ಉಂಡಳು. ಆನೆಯಣ್ಣ ಉಣ್ಣುವುದು ಮರೆತು ಇನ್ನೂ ತೆಳ್ಳಗಾದ.

ಕೊನೆಗೆ ಉತ್ತರ ಬಂತು. ನಿರ್ದೇಶಕರು ಗಂಡಹೆಂಡಿರಿಬ್ಬರನ್ನೂ ಕೋಣೆಗೆ ಕರೆಸಿದರು. ಡಾಕ್ಟರಮ್ಮ ಅಲ್ಲಿಯೇ ಇದ್ದರು.

"ಕ್ಷಯ ಅಲ್ಲ" ಎಂದರು ನಿರ್ದೇಶಕರು. "ಸೊಂಡಿಲಿನ ನೀರಲ್ಲಿ ಬೆಳೆದದ್ದು ಆನೆ ಕೊಳದ ಕೆಸರಲ್ಲಿ ಇರೋ ಯಾವುದೋ ಸಾಧಾರಣ ಕ್ರಿಮಿಯಂತೆ. ಆ ಕೊಳದ ಹೂಳು ತೆಗೆಸಿ ಶುದ್ಧ ಮಾಡಿಸ್ತೀವಿ. ಆನೆ ಇಲ್ಲೇ ಇರುತ್ತೆ." ಉತ್ತರದ ಕಾಗದ ಮಡಚಿಟ್ಟರು. "ಆದರೆ ಸ್ಯಾಂಪಲ್ ಬದಲಿಸಿದೋರನ್ನ ನಾನು ಅಲ್ಲಿ ಬಿಡೋ ಹಾಗಿಲ್ಲ. ನಿಜವಾಗಲೂ ಕ್ಷಯ ಇದ್ದಿದ್ರೆ ಎಷ್ಟು ಜನಕ್ಕೆ ಹರಡ್ತಿತ್ತು ಗೊತ್ತಾ? ಇವತ್ತಿಂದ ನಿಮಗೆ ಬಾತುಕೋಳಿ ಕೊಳ. ಆನೆ ಆವರಣಕ್ಕೆ ಕಾಲಿಡೋ ಹಾಗಿಲ್ಲ."

"ಬಹಳ ಒಳ್ಳೇದಾಯ್ತು ಸಾರ್!" ಎಂದ ಆನೆಯಣ್ಣ. ಅವನ ಮುಖ ಅರಳಿತ್ತು.

ಇವನಿಗೆ ಕಿವಿ ಸರಿಯಿಲ್ಲವೇನೋ ಎಂದು ನಿರ್ದೇಶಕರು ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದರು. "ಬಾತು-ಕೋಳಿ. ನೀವು. ಆನೆ ಹತ್ರ ಹೋಗ್ಬಾರದು."

"ಕೇಳಿಸ್ತು ಸಾರ್. ಲಾರಿ ಬರಲ್ಲ ಅಂದ್ರಲ್ಲ." ಅವನು ಇನ್ನೂ ನಗುತ್ತಿದ್ದ. "ಮುಂದೆ ಅಲ್ಲಿಗೆ ಬರೋರಿಗೆ ಒಂದೇ ಒಂದು ಮಾತು ಹೇಳಿಬಿಡಿ ಸಾರ್. ಅವಳಿಗೆ ಎಡಗಡೆ ಹಲ್ಲು ನೋಯುತ್ತೆ, ಕಬ್ಬನ್ನ ಸಣ್ಣಗೆ ಸೀಳಿ ಬಲಗಡೆಯಿಂದ ಕೊಡಬೇಕು. ನೀರು ತಣ್ಣಗಿದ್ರೆ ಕುಡಿಯಲ್ಲ, ಬಿಸಿಲಲ್ಲಿ ಇಟ್ಟು ಕೊಡಬೇಕು. ಮಲಗೋ ಮೊದಲು ಕಿವಿ ಹಿಂದೆ ಕೆರೀಬೇಕು, ಇಲ್ಲಾಂದ್ರೆ ನಿಂತೇ ಇರ್ತಾಳೆ. ಕೆರೆಯುವಾಗ ಏನಾದ್ರೂ ಮಾತಾಡ್ತಿರಬೇಕು. ಏನಾದ್ರೂ ಸರಿ ಸಾರ್, ಬಸ್ಸಲ್ಲಿ ಯಾರು ಏನಂದ್ರು, ಮನೇಲಿ ಏನು ಊಟ, ಅಂಥದ್ದು..."

ಒಂದೇ ಮಾತು ಎಂದವನು ನಿಲ್ಲಿಸಲಿಲ್ಲ. ನಿರ್ದೇಶಕರು ಮೇಜಿನ ಮೇಲಿದ್ದ ಪೆನ್ನನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗಿಟ್ಟರು. ಡಾಕ್ಟರಮ್ಮ ಕಿಟಕಿಯ ಹೊರಗೆ ನೋಡತೊಡಗಿದರು. ಗಾಜಕ್ಕ ಅವನ ತೋಳು ಹಿಡಿದು, "ಬನ್ನಿ ರೀ, ಅದನ್ನೆಲ್ಲ ಅವರಿಗೆ ನಾನು ಹೇಳ್ತೀನಿ. ನನಗೆಲ್ಲ ಗೊತ್ತು" ಎಂದಳು.

ಹೊರಗೆ ಬಂದ ಮೇಲೂ, ದಾರಿಯುದ್ದಕ್ಕೂ, ಎದುರಿಗೆ ಸಿಕ್ಕವರಿಗೆಲ್ಲ ಅವನು "ಚಿಕ್ಕಮ್ಮ ಇಲ್ಲೇ ಇರ್ತಾಳಂತೆ, ಗೊತ್ತಾಯ್ತಾ?" ಎಂದು ನಗುತ್ತ ಹೇಳಿಕೊಂಡು ಹೋದ. ಅಳು ಬಂದದ್ದು ಕೊಳದ ಹತ್ತಿರ, ಬಾತುಕೋಳಿಗಳಿಗೆ ಮೊದಲ ಹಿಡಿ ಕಾಳು ಎರಚಿದಾಗ. ಅವು ಅವನನ್ನು ತಿರುಗಿಯೂ ನೋಡದೆ ಕಾಳು ಹೆಕ್ಕತೊಡಗಿದವು. ಅವನು ಅತ್ತು ಮುಗಿಸುವವರೆಗೆ ಗಾಜಕ್ಕ ಕಾಳಿನ ಬಕೆಟ್ಟು ಹಿಡಿದುಕೊಂಡು ಕೆಸರಿನಲ್ಲಿ ಅವನ ಪಕ್ಕದಲ್ಲೇ ನಿಂತಿದ್ದಳು.